ಹತ್ತು ಕೋಟಿ ಚಿತ್ರಗಳ ನಡುವೆ ಮಲ್ಲಿತಮ್ಮ

ಮೈಸೂರಿನ ಹಳೆಯ ಬಡಾವಣೆಯೊಂದರ ವಾಚನಾಲಯದಲ್ಲಿ, ಸಂಜೆಯ ಓದುಗರು ಎದ್ದುಹೋದ ಮೇಲೂ ಇಬ್ಬರು ಮಾತಿಗೆ ಕುಳಿತಿರುವುದುಂಟು. ಒಬ್ಬರು ಕಾಲೇಜೊಂದರಲ್ಲಿ ಬಹುಕಾಲ ಗ್ರಂಥಪಾಲಕರಾಗಿದ್ದು ನಿವೃತ್ತರಾದವರು, ಗ್ರಂಥಾಲಯಶಾಸ್ತ್ರಜ್ಞ ಎಸ್. ಆರ್. ರಂಗನಾಥನ್ ಅವರ ಶಿಷ್ಯಪರಂಪರೆಯಲ್ಲಿ ಓದಿದವನು ತಾನೆಂಬ ಅಭಿಮಾನವನ್ನು ಮುಚ್ಚಿಡದವರು. ಇನ್ನೊಬ್ಬ ತರುಣ, ಬಿಡುವು ಸಿಕ್ಕಾಗಲೆಲ್ಲ ಕ್ಯಾಮರಾ ಹೆಗಲಿಗೇರಿಸಿ ಗುಡಿ, ಕೆರೆ, ವೀರಗಲ್ಲುಗಳನ್ನು ಅಲೆದು, ತೆಗೆದ ಚಿತ್ರಗಳನ್ನು ವಿಕಿಮೀಡಿಯ ಕಾಮನ್ಸ್ ಎಂಬ ಲೋಕಸಾಮಾನ್ಯ ಭಂಡಾರಕ್ಕೆ ಏರಿಸುವವನು, ಇತರರು ಏರಿಸಿ ಮರೆತ ಚಿತ್ರಗಳನ್ನು ಅವುಗಳ ವರ್ಗಗಳಿಗೆ ಸೇರಿಸುತ್ತ ರಾತ್ರಿ ಬಹಳ ಹೊತ್ತು ಕೂರುವವನು. ವಯಸ್ಸಾದವರು ಹಳೆಯ ವ್ಯವಸ್ಥೆಯ ಪರ, ಎಳೆಯರು ಹೊಸತರ ಪರ ಎಂದು ಊಹಿಸುವುದು ನಮ್ಮ ಅಭ್ಯಾಸ. ಇಲ್ಲಿ ಅದು ಅದಲುಬದಲಾಗಿದ್ದುದರಿಂದ ಈ ಮಾತುಕತೆಯನ್ನು ಬರೆದಿಡಬೇಕೆನಿಸಿತು.

ಹಿರಿಯರು: ನಿನ್ನ ಭಂಡಾರದ ಮುಂದೆ ಬೆಳಗಿನ ಹೊತ್ತೆಲ್ಲ ಕಳೆದೆನಪ್ಪ. ನಾನು ಕೇಳಿದ್ದು ಅಸಾಧ್ಯವಾದದ್ದೇನೂ ಅಲ್ಲ. ಸೋಮನಾಥಪುರದ ಕೇಶವ ದೇವಾಲಯದ ಗೋಡೆಗಳಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿ ತಾನು ಕಡೆದ ಮೂರ್ತಿಗಳ ಅಡಿಯಲ್ಲಿ ತನ್ನ ಹೆಸರನ್ನು ಕೆತ್ತಿಟ್ಟಿದ್ದಾನಲ್ಲವೆ, ಆ ರುಜು ಓದಲು ಬರುವಂತೆ ಕಾಣುವ ಒಂದೇ ಒಂದು ಚಿತ್ರ. ಕನ್ನಡದಲ್ಲಿ ಕೇಳಿದೆ, ಇಂಗ್ಲಿಷಿನಲ್ಲಿ ಎರಡು ಮೂರು ಬಗೆಯ ಕಾಗುಣಿತದಲ್ಲಿ ಕೇಳಿದೆ. ಶಿಖರ ಬಂತು, ಕೈಸಾಲೆ ಬಂತು, ಕೈಸಾಲೆಯ ಮುಂದೆ ನಿಂತ ಪ್ರವಾಸಿಗಳು ಬಂದರು. ಮಲ್ಲಿತಮ್ಮ ಮಾತ್ರ ಬರಲಿಲ್ಲ.

ತರುಣ: ತಾವು ಹುಡುಕುವ ಪೆಟ್ಟಿಗೆಯನ್ನು ನಂಬಿದ್ದೇ ತೊಂದರೆಯಾಯಿತು ಸರ್. ನಾನಾಗಿದ್ದರೆ ಅದರ ತಂಟೆಗೇ ಹೋಗುತ್ತಿರಲಿಲ್ಲ. ಕರ್ನಾಟಕ ಎಂಬ ವರ್ಗದಿಂದ ಮೈಸೂರು ಜಿಲ್ಲೆಗೆ, ಅಲ್ಲಿಂದ ಸೋಮನಾಥಪುರಕ್ಕೆ, ಅಲ್ಲಿಂದ ಕೇಶವ ದೇವಾಲಯಕ್ಕೆ, ಅದರೊಳಗಿನ ಶಿಲ್ಪಗಳಿಗೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಅಲ್ಲಿರುವ ಚಿತ್ರಗಳ ಮೇಲೆ ಕಣ್ಣಾಡಿಸುತ್ತಿದ್ದೆ. ಪೀಠದ ಅಕ್ಷರ ಕಾಣುವ ಚಿತ್ರ ಇದ್ದರೆ ಅಲ್ಲೇ ಎಲ್ಲೋ ಇರುತ್ತದೆ.

ಹಿರಿಯರು: ನೀನು ಇಳಿಯಬಲ್ಲೆ, ಏಕೆಂದರೆ ಆ ಮೆಟ್ಟಿಲುಗಳನ್ನು ಕಟ್ಟಿದವರಲ್ಲಿ ನೀನೂ ಒಬ್ಬ. ಶಾಲೆಯಲ್ಲಿ ಹೊಯ್ಸಳ ಶಿಲ್ಪಿಗಳನ್ನು ಕುರಿತು ಮಾತನಾಡಬೇಕಾದ ನನ್ನ ಮೊಮ್ಮಗಳಿಗೆ ಮೆಟ್ಟಿಲಿದೆಯೆಂಬುದೇ ತಿಳಿಯದು. ತಿಳಿದರೂ, ಒಂದೊಂದು ಮೆಟ್ಟಿಲಿನ ಹೆಸರೂ ಇಂಗ್ಲಿಷಿನಲ್ಲಿದೆ. ಪ್ರಪಂಚದವರೆಲ್ಲ ಸೇರಿ ಕಟ್ಟುವ ಭಂಡಾರದ ಒಳದಾರಿಗಳಿಗೆಲ್ಲ ಒಂದೇ ಭಾಷೆಯ ಫಲಕ ಹಾಕಿರುವುದು ಯಾವ ನ್ಯಾಯ?

ತರುಣ: ಅದು ಅಲ್ಲಿಯ ನಿಯಮ. 2004ರಲ್ಲಿ ಈ ಭಂಡಾರ ತೊಡಗಿದಾಗ ಒಂದು ವರ್ಗಕ್ಕೆ ಒಂದೇ ಹೆಸರು ಇರಲು ಸಾಧ್ಯವಿತ್ತು. ಆ ಒಂದು ಹೆಸರು ಎಲ್ಲರಿಗೂ ಎಷ್ಟೋ ಮಟ್ಟಿಗೆ ತಿಳಿಯಬೇಕೆಂದು ಇಂಗ್ಲಿಷನ್ನೂ, ಗಿಡಮರ ಪ್ರಾಣಿಪಕ್ಷಿಗಳಿಗೆ ಲ್ಯಾಟಿನ್ ಶಾಸ್ತ್ರನಾಮವನ್ನೂ ಇಟ್ಟರು. ಈಗ ಹಲವು ವರ್ಗಗಳ ತಲೆಯ ಮೇಲೆ ಒಂದು ಚಿಕ್ಕ ಚೌಕವಿರುತ್ತದೆ. ತಾವು ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಂಡರೆ ಅದರಲ್ಲಿ ವಿಷಯದ ಹೆಸರು ಕನ್ನಡದಲ್ಲಿ ಕಾಣಿಸುತ್ತದೆ, ಕನ್ನಡದಲ್ಲಿ ಯಾರಾದರೂ ಬರೆದಿದ್ದರೆ.

ಹಿರಿಯರು: ಬಾಗಿಲನ್ನು ತಲಪಿದವನಿಗೆ ಫಲಕ ಕನ್ನಡದಲ್ಲಿ ಕಾಣಿಸುತ್ತದೆ ಎನ್ನು. ತಲಪುವ ದಾರಿಯ ಮಾತನ್ನು ನಾನು ಕೇಳಿದ್ದು. ಇನ್ನೊಂದು ವಿಚಿತ್ರ ನೋಡು. ಹೊಯ್ಸಳ ದೇವಾಲಯಗಳು ಎಂಬ ವರ್ಗವನ್ನು ತೆರೆದರೆ ಅಲ್ಲಿ ದೇವಾಲಯಗಳ ಚಿತ್ರಗಳು ಹೇರಳವಾಗಿರಬೇಕೆಂದು ಎಣಿಸಿದ್ದೆ. ಕೈಬೆರಳಿನಲ್ಲಿ ಎಣಿಸುವಷ್ಟು ಬಿಡಿಚಿತ್ರಗಳು, ಮಿಕ್ಕದ್ದೆಲ್ಲ ಇನ್ನಷ್ಟು ಬಾಗಿಲುಗಳು.

ತರುಣ: ಅದಕ್ಕೆ ಕಾರಣವಿದೆ. ಒಂದು ಚಿತ್ರವನ್ನು ಅದಕ್ಕೆ ಸಲ್ಲುವ ಅತ್ಯಂತ ನಿರ್ದಿಷ್ಟವಾದ ವರ್ಗದಲ್ಲಿಡಬೇಕು, ಮೇಲಿನ ವರ್ಗದಲ್ಲಿ ಅದನ್ನೇ ಮತ್ತೆ ಇಡಕೂಡದು. ಭಂಡಾರದಲ್ಲಿ ಹತ್ತು ಕೋಟಿಗೂ ಮಿಗಿಲಾದ ಕಡತಗಳಿವೆ. ಎಲ್ಲವನ್ನೂ ಮೇಲಿನ ಹಜಾರಗಳಲ್ಲೂ ಹರಡಿಕೊಂಡು ಕುಳಿತರೆ ಆ ಹಜಾರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಂಪಿಯ ಕಲ್ಲಿನ ರಥದ ಚಿತ್ರವನ್ನು ಹಂಪಿಗೂ ಬಳ್ಳಾರಿಗೂ ವಿಜಯನಗರ ಜಿಲ್ಲೆಗೂ ಕರ್ನಾಟಕಕ್ಕೂ ಭಾರತಕ್ಕೂ ಹಾಕಿ ಹೋಗುವವರು ಇಂದಿಗೂ ಇದ್ದಾರೆ. ಅವನ್ನು ಹೆಕ್ಕಿ ತೆಗೆಯುವುದೇ ನಮಗೆ ದೊಡ್ಡ ಕೆಲಸ.

ಹಿರಿಯರು: ಹಾಕಿದವನಿಗೆ ತನ್ನ ಚಿತ್ರವನ್ನು ಹುಡುಕುವವನು ಎಲ್ಲಿಂದ ಬಂದಾನೆಂಬ ಯೋಚನೆಯಾದರೂ ಇತ್ತು. ನಿನಗೆ ಕಪಾಟು ಚೆನ್ನಾಗಿ ಕಾಣಬೇಕೆಂಬ ಯೋಚನೆ.

ಇಲ್ಲಿ ತರುಣನ ಮುಖ ಕೊಂಚ ಕೆಂಪಗಾಯಿತು. ಸಂಬಳವಿಲ್ಲದೆ, ಹೆಸರಿನ ಹಂಬಲವಿಲ್ಲದೆ ಮಾಡುವ ಕೆಲಸವನ್ನು ಕಪಾಟಿನ ಶೃಂಗಾರವೆಂದರೆ ಯಾರಿಗಾದರೂ ನೋವಾಗುತ್ತದೆ. ಅವನು ಸುಮ್ಮನಾಗಲಿಲ್ಲ.

ತರುಣ: ಕಪಾಟಿನಲ್ಲಿ ಒಂದು ಗುಣವಿದೆ ಸರ್, ತಮಗೆ ನಾನು ಹೇಳಬೇಕಾಗಿಲ್ಲ. ಒಂದು ಪುಸ್ತಕವನ್ನು ಅರಸಿ ಹೋದವನಿಗೆ ಅದರ ಪಕ್ಕದಲ್ಲಿರುವ, ಅವನು ಕೇಳಲು ತಿಳಿಯದ, ಮತ್ತೊಂದು ಪುಸ್ತಕ ಸಿಗುತ್ತದೆ. ವರ್ಗದಲ್ಲಿಯೂ ಹಾಗೆಯೇ. ಸೋಮನಾಥಪುರದ ಶಿಲ್ಪಗಳ ಪುಟಕ್ಕೆ ಹೋದ ತಮ್ಮ ಮೊಮ್ಮಗಳು ಮಲ್ಲಿತಮ್ಮನ ಪಕ್ಕದಲ್ಲಿ ಬೇರೆ ಶಿಲ್ಪಿಯ ರುಜುವನ್ನೂ ಕಂಡಾಳು. ಹುಡುಕುವ ಪೆಟ್ಟಿಗೆ ಕೇಳಿದ್ದನ್ನಷ್ಟೇ ಕೊಡುತ್ತದೆ, ನೆರೆಹೊರೆಯನ್ನು ತೋರಿಸುವುದಿಲ್ಲ. ಮೇಲಾಗಿ ವರ್ಗಕ್ಕೆ ಕಾವಲಿದೆ. ನಾನು ನೋಡಿಕೊಳ್ಳುವ ವರ್ಗಕ್ಕೆ ಯಾರೋ ಬೇಲೂರಿನ ಮದನಿಕೆಯನ್ನು ತಂದು ಸೇರಿಸಿದರೆ ಅಂದೇ ಸಂಜೆ ಅದು ಬೇಲೂರಿಗೆ ಹಿಂದಿರುಗುತ್ತದೆ.

ಹಿರಿಯರು: ಒಪ್ಪಿದೆ. ನೆರೆಹೊರೆಯ ಮಾತು ನಿಜ, ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ನೀವು ಕಟ್ಟಿರುವುದು ಒಂದೇ ಬುಡದಿಂದ ಕವಲೊಡೆದ ಮರ. ಮಲ್ಲಿತಮ್ಮನ ಮೂರ್ತಿ ಅದರಲ್ಲಿ ಊರಿನ ಕೊಂಬೆಯ ಮೇಲೆ ಕುಳಿತಿದೆ. ಕಾಲದ ಕೊಂಬೆಯಿಂದ ಬಂದವನಿಗೆ ಕಾಣದು, ಕಲ್ಲಿನ ಜಾತಿಯನ್ನು ಹಿಡಿದು ಬಂದವನಿಗೆ ಕಾಣದು. ಅದಕ್ಕಾಗಿ ಇಂಥ ಊರಿನ ಸೇತುವೆಗಳ ಇಂಥ ವರ್ಷದ ಕಪ್ಪುಬಿಳುಪು ಚಿತ್ರಗಳು ಎಂದು ನಾಲ್ಕು ವಿಷಯಗಳನ್ನು ಒಂದೇ ಹೆಸರಿಗೆ ಹೆಣೆದು ವರ್ಗ ಮಾಡುತ್ತೀರಿ. ಇಂಥ ಹೆಣಿಗೆಗೆ ಕೊನೆಯೆಲ್ಲಿ? ಈ ಪ್ರಶ್ನೆಯನ್ನು ನಮ್ಮ ರಂಗನಾಥನ್ 1924ರಲ್ಲಿ ಲಂಡನ್ನಿಗೆ ಓದಲು ಹೋಗಿದ್ದಾಗಲೇ ಹಾಕಿಕೊಂಡರು. ಅಲ್ಲಿಯ ದೊಡ್ಡ ಅಂಗಡಿಯೊಂದರಲ್ಲಿ ಮೆಕ್ಯಾನೊ ಎಂಬ ಮಕ್ಕಳ ಆಟಿಕೆಯನ್ನು ತೋರಿಸುತ್ತಿದ್ದರಂತೆ. ಪಟ್ಟಿ, ಗಾಲಿ, ತಿರುಪು, ಇಷ್ಟೇ ಬಿಡಿಭಾಗಗಳು. ಜೋಡಿಸಿದರೆ ಬೇರೆ ಬೇರೆ ಯಂತ್ರಗಳು. ವಿಷಯಗಳೂ ಹೀಗೆಯೇ ಎಂದು ಅವರಿಗೆ ಹೊಳೆಯಿತು. ಸಿದ್ಧಪಡಿಸಿದ ವರ್ಗಗಳ ಪಟ್ಟಿ ಬೇಡ, ಬಿಡಿಭಾಗಗಳನ್ನು ಕೊಟ್ಟರೆ ಸಾಕು. 1933ರಲ್ಲಿ ಅವರ ಕೋಲನ್ ವರ್ಗೀಕರಣ ಹೊರಬಂತು.

ತರುಣ: ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ: ಆ ಐದು ಬಿಡಿಭಾಗಗಳು. ತಾವು ಒಮ್ಮೆ ಹೇಳಿದ್ದು ನೆನಪಿದೆ.

ಹಿರಿಯರು: ಹಾಗಾದರೆ ನನ್ನ ಬೆಳಗಿನ ಪ್ರಶ್ನೆಗೇ ಅದನ್ನು ಹಚ್ಚಿ ನೋಡು. ವೇಣುಗೋಪಾಲನ ಮೂರ್ತಿಯೆಂದಿಟ್ಟುಕೋ, ಅದು ವಿಷಯದ ಜೀವ. ಬಳಪದ ಕಲ್ಲು, ದ್ರವ್ಯ. ಕೆತ್ತನೆ, ಕ್ರಿಯೆ. ಸೋಮನಾಥಪುರ, ದೇಶ. ಹದಿಮೂರನೆಯ ಶತಮಾನ, ಕಾಲ. ಈ ಐದನ್ನೂ ಚಿತ್ರದ ಪಕ್ಕದಲ್ಲಿ ಬೇರೆ ಬೇರೆಯಾಗಿ ಬರೆದಿಟ್ಟಿದ್ದರೆ ಯಾವ ದಿಕ್ಕಿನಿಂದ ಬಂದವನಿಗೂ ಅದು ದೊರೆಯುತ್ತಿತ್ತು. ಕಲ್ಲನ್ನು ಓದುವ ಭೂವಿಜ್ಞಾನಿಗೂ, ಕೊಳಲನ್ನು ಹುಡುಕುವ ಸಂಗೀತದ ವಿದ್ಯಾರ್ಥಿಗೂ, ನನ್ನ ಮೊಮ್ಮಗಳಿಗೂ.

ತರುಣ: ಒಂದು ಮಾತು ಕೇಳುತ್ತೇನೆ, ತಾವು ತಪ್ಪು ತಿಳಿಯಬಾರದು. ಅಷ್ಟು ಒಳ್ಳೆಯ ಪದ್ಧತಿಯಾಗಿದ್ದರೆ ನಮ್ಮ ದೇಶದ ಗ್ರಂಥಾಲಯಗಳಲ್ಲಿಯೇ ಅದು ಏಕೆ ನೆಲೆಯೂರಲಿಲ್ಲ? ನಾನು ಓದಿದ ಕಾಲೇಜಿನಲ್ಲಿ ಡ್ಯೂಯಿಯ ದಶಮಾಂಶ ಸಂಖ್ಯೆಗಳಿದ್ದವು. ಈ ವಾಚನಾಲಯದಲ್ಲಿಯೂ ಅವೇ ಇವೆ.

ಹಿರಿಯರು: (ನಕ್ಕು) ನೀನು ಮುಟ್ಟಬಾರದ ಜಾಗವನ್ನೇ ಮುಟ್ಟಿದೆ. ಕೋಲನ್ ಸಂಖ್ಯೆ ಉದ್ದವಾಗುತ್ತಿತ್ತು. ಅಕ್ಷರ, ಅಂಕಿ, ವಿರಾಮಚಿಹ್ನೆಗಳ ಮೆರವಣಿಗೆ. ಪುಸ್ತಕ ತೆಗೆದುಕೊಡುವ ಜವಾನನಿಗೆ ಅದನ್ನು ಓದುವುದೇ ಕಷ್ಟವಾಗುತ್ತಿತ್ತು. ಅದಕ್ಕಿಂತ ಮುಖ್ಯವಾದ ಕಾರಣ ಬೇರೆ. ಪುಸ್ತಕಕ್ಕೆ ದೇಹವಿದೆ, ಅದು ಒಂದು ಹೊತ್ತಿಗೆ ಒಂದೇ ಕಡೆ ನಿಲ್ಲಬಲ್ಲದು. ಐದು ಮುಖಗಳನ್ನು ಬಿಡಿಸಿ ಬರೆದು ಕೊನೆಗೆ ಒಂದೇ ಸಾಲಿನಲ್ಲಿ ನಿಲ್ಲಿಸುವುದಾದರೆ ಬಿಡಿಸಿದ್ದರಿಂದ ಬಂದ ಲಾಭವೇನು ಎಂದು ಜನ ಕೇಳಿದರು. ನಿನ್ನ ಚಿತ್ರಗಳಿಗೆ ದೇಹವಿಲ್ಲ. ಐದು ಕಡೆ ನಿಲ್ಲಬಲ್ಲವು, ಐನೂರು ಕಡೆ ಬೇಕಾದರೂ ನಿಲ್ಲಬಲ್ಲವು. ಗುರುಗಳ ಕಲ್ಪನೆಗೆ ತಕ್ಕ ಗ್ರಂಥಾಲಯ ಅವರು 1972ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ಎಷ್ಟೋ ವರ್ಷಗಳ ತರುವಾಯ ಹುಟ್ಟಿತು. ಹುಟ್ಟಿದ ಮೇಲೆ ನೀವು ಅದರೊಳಗೆ ಮತ್ತೆ ಮರದ ಕಪಾಟುಗಳನ್ನು ತಂದಿಟ್ಟಿರಿ!

ತರುಣ: ಪೂರ್ತಿ ಹಾಗೇನೂ ಇಲ್ಲ. ತಾವು ಹೇಳುವ ಬಿಡಿಭಾಗಗಳ ಪದ್ಧತಿ 2019ರಿಂದ ಅಲ್ಲಿದೆ. ಆ ವರ್ಷದ ಆರಂಭದಲ್ಲಿ ಪ್ರತಿ ಚಿತ್ರಕ್ಕೂ ಬೇಕಾದ ಭಾಷೆಯಲ್ಲಿ ಒಂದು ಚಿಕ್ಕ ಅಡಿಬರಹ ಬರೆಯುವ ಅವಕಾಶ ಬಂತು; ಕೆಲವೇ ತಿಂಗಳಲ್ಲಿ, ಈ ಚಿತ್ರದಲ್ಲಿ ಕಾಣುವುದು ಇದು ಎಂದು ಹೇಳುವ ಸೌಕರ್ಯ ಬಂತು. ಆ ಇದು ಎನ್ನುವುದು ಪದವಲ್ಲ, ವಿಕಿಡೇಟಾ ಎಂಬ ಇನ್ನೊಂದು ಕೋಶದಲ್ಲಿರುವ ಒಂದು ಸಂಖ್ಯೆ. ಹೊಂಗೆಮರಕ್ಕೆ ಅಲ್ಲಿ ಒಂದು ಸಂಖ್ಯೆಯಿದೆ ಎಂದುಕೊಳ್ಳಿ. ಅದರ ಕೆಳಗೆ ಯಾರಾದರೂ ಕನ್ನಡದಲ್ಲಿ ಹೊಂಗೆ ಎಂದು ಒಂದೇ ಒಂದು ಸಲ ಬರೆದರೆ, ಆ ಸಂಖ್ಯೆಯನ್ನು ಹೊತ್ತ ಚಿತ್ರಗಳೆಲ್ಲ, ಅವನ್ನು ಏರಿಸಿದವನು ಜಪಾನಿನವನಿರಲಿ ಕೀನ್ಯದವನಿರಲಿ, ಹೊಂಗೆ ಎಂದು ಹುಡುಕುವ ನಮ್ಮೂರಿನ ರೈತನಿಗೂ ಸಿಗುತ್ತವೆ.

ಹಿರಿಯರು: ಇಷ್ಟು ದೊಡ್ಡ ಸಂಗತಿಯನ್ನು ಇಷ್ಟು ಹೊತ್ತು ಬಚ್ಚಿಟ್ಟುಕೊಂಡಿದ್ದೆಯಲ್ಲ! ಒಂದು ಪದ ಬರೆದರೆ ಸಾವಿರ ಚಿತ್ರಗಳಿಗೆ ಕನ್ನಡ ಬರುತ್ತದೆ. ವರ್ಗದ ಮರದಲ್ಲಿ ನೂರು ರಾತ್ರಿ ಕುಳಿತರೂ ಇದು ಆಗುವಂಥದೇ?

ತರುಣ: ಆಗದು. ಅದನ್ನು ಒಪ್ಪುತ್ತೇನೆ, ಮತ್ತು ಕನ್ನಡಿಗರು ಅಲ್ಲಿ ಮಾಡಬಹುದಾದ ಅತ್ಯಂತ ಅಗ್ಗದ, ಅತ್ಯಂತ ಫಲಪ್ರದವಾದ ಕೆಲಸ ಅದೇ ಎಂದೂ ಹೇಳುತ್ತೇನೆ. ಕರಂಜ, ಹುಲಿಗಿಲಿ ಎಂದು ಬೇರೆ ಹೆಸರುಗಳನ್ನೂ ಜೊತೆಗೆ ಬರೆಯಬಹುದು, ಅದಕ್ಕೂ ಜಾಗವಿದೆ. ಆದರೆ ಸಂಖ್ಯೆ ಬಂದರೆ ಎಲ್ಲ ಬಗೆಹರಿಯಿತೆಂದು ತಾವು ತಿಳಿಯಬಾರದು. ಹೊಂಗೆಯ ಶಾಸ್ತ್ರನಾಮ ಒಮ್ಮೆ ಪೊಂಗಾಮಿಯ, ಒಮ್ಮೆ ಮಿಲೆಟ್ಟಿಯ ಎಂದು ವಿದ್ವಾಂಸರ ನಡುವೆ ಓಲಾಡಿದೆ. ಇಂಥ ಸಸ್ಯಗಳಲ್ಲಿ ಹಳೆಯ ಹೆಸರಿಗೊಂದು ಸಂಖ್ಯೆ, ಹೊಸ ಹೆಸರಿಗೊಂದು ಸಂಖ್ಯೆ ಆಗುವುದುಂಟು. ಚಿತ್ರಗಳು ಎರಡರ ನಡುವೆ ಹಂಚಿಹೋಗುತ್ತವೆ. ವರ್ಗದಲ್ಲಾದರೆ ಹಳೆಯ ಬಾಗಿಲಿಗೆ ಹೋದವನನ್ನು ಹೊಸ ಬಾಗಿಲಿಗೆ ಕಳಿಸುವ ಒಂದು ಚೀಟಿಯಾದರೂ ಇರುತ್ತದೆ.

ಹಿರಿಯರು: ತಿದ್ದಬಹುದಾದ ದೋಷ.

ತರುಣ: ಇನ್ನೊಂದು ಹೇಳುತ್ತೇನೆ, ಅದು ಅಷ್ಟು ಸುಲಭವಾಗಿ ತಿದ್ದುವಂಥದಲ್ಲ. ಚಿತ್ರದಲ್ಲಿರುವುದು ವೇಣುಗೋಪಾಲ ಎಂದು ನಾನು ಗುರುತಿಸಿದೆ. ತಮ್ಮ ಮೊಮ್ಮಗಳು ಕೃಷ್ಣ ಎಂದು ಕೇಳಿದಳು. ವೇಣುಗೋಪಾಲ ಕೃಷ್ಣನೇ ಎಂಬುದು ಅವಳಿಗೆ ಗೊತ್ತು, ನನಗೆ ಗೊತ್ತು. ಆ ಹುಡುಕುವ ಪೆಟ್ಟಿಗೆ ಮಾತ್ರ ಒಂದರಿಂದ ಇನ್ನೊಂದಕ್ಕೆ ತಾನಾಗಿ ನಡೆದುಹೋಗುತ್ತದೆಂದು ನಂಬುವ ಹಾಗಿಲ್ಲ. ಹಾಗೆ ನಡೆಸುವ ಪ್ರಶ್ನೆಯನ್ನು ಬರೆಯುವ ಸಾಧನ ಬೇರೆ ಉಂಟು, ಅದಕ್ಕೊಂದು ಭಾಷೆಯುಂಟು. ಅದನ್ನು ಕಲಿಯುವುದಕ್ಕಿಂತ ಸೋಮನಾಥಪುರಕ್ಕೆ ಬಸ್ಸು ಹತ್ತುವುದು ಹಗುರ. ಈ ತೊಡಕಿಗಾಗಿ ಕೆಲವರು ವೇಣುಗೋಪಾಲ, ಕೃಷ್ಣ, ವಿಷ್ಣು, ದೇವತೆ, ಶಿಲ್ಪ, ಕಲ್ಲು, ಕೊಳಲು ಎಂದು ಕಂಡದ್ದನ್ನೆಲ್ಲ ಬರೆಯುತ್ತಾರೆ. ಆಗ ಕೊಳಲು ಎಂದು ಹುಡುಕಿದವನಿಗೆ ದೇವಸ್ಥಾನದ ಗೋಡೆಗಳೇ ಸಾಲುಸಾಲಾಗಿ ಬರುತ್ತವೆ.

ಹಿರಿಯರು: ಮುಖ್ಯ ಯಾವುದು, ಆನುಷಂಗಿಕ ಯಾವುದು ಎಂದು ಬೇರ್ಪಡಿಸಬೇಕು.

ತರುಣ: ಮುಖ್ಯವೆಂದು ಗುರುತು ಹಾಕುವ ಏರ್ಪಾಟು ಇದೆ. ಬಳಸುವವರು ಕಡಮೆ. ನಡುವೆ ಕೆಲವು ಕಾಲ, ಚಿತ್ರವನ್ನು ಯಂತ್ರಕ್ಕೆ ತೋರಿಸಿ ಇದರಲ್ಲಿ ಇವೆಲ್ಲ ಇವೆಯೇ ಎಂದು ಅದು ಸೂಚಿಸಿದ್ದನ್ನು ಮನುಷ್ಯ ಒಪ್ಪುವ ಒಂದು ಸಾಧನವನ್ನು ಇಟ್ಟಿದ್ದರು. ಯಂತ್ರ ಆಕಾಶವೆಂದಿತು, ಮರವೆಂದಿತು, ಕಟ್ಟಡವೆಂದಿತು. ಸುಳ್ಳಲ್ಲವಲ್ಲ, ಆಕಾಶ ಇದ್ದೇ ಇತ್ತು! ಜನ ಎಡೆಬಿಡದೆ ಹೌದು ಹೌದು ಎಂದು ಒತ್ತುತ್ತ ಹೋದರು. ಅದರ ಕಸ ಗುಡಿಸುವುದು ಹೆಚ್ಚಾಗಿ ಕೊನೆಗೆ ಆ ಸಾಧನವನ್ನೇ ತೆಗೆಯಬೇಕಾಯಿತು.

ಹೀಗೆಂದು ಅವನು ಚೀಲದಿಂದ ಲ್ಯಾಪ್‌ಟಾಪನ್ನು ತೆಗೆದು ಮೇಜಿನ ಮೇಲಿಟ್ಟ. ಹಿರಿಯರು ಕನ್ನಡಕವನ್ನು ಒರೆಸಿಕೊಂಡು ಬಾಗಿದರು. ತೆರೆಯ ಮೇಲೆ ಒಂದು ಶಿಲ್ಪದ ಚಿತ್ರವಿತ್ತು. ಮೂರ್ತಿ ಮೊಣಕಾಲಿನವರೆಗೆ ಮಾತ್ರ ಬಂದಿತ್ತು, ಕೆಳಗೆ ಪೀಠದ ಪಟ್ಟಿ, ಅದರಲ್ಲಿ ಹೊಯ್ಸಳರ ಕಾಲದ ದುಂಡನೆಯ ಅಕ್ಷರಗಳು ಬಿಸಿಲಿನ ಓರೆಗೆ ಎದ್ದು ಕಾಣುತ್ತಿದ್ದವು. ಕೆಳಗಿನ ವಿವರಗಳಲ್ಲಿ ತೆಗೆದ ದಿನ ಸೆಕೆಂಡಿನವರೆಗೆ ದಾಖಲಾಗಿತ್ತು. ಕ್ಯಾಮರಾದ ಮಾದರಿ, ಮಸೂರದ ಅಳತೆ, ಅಕ್ಷಾಂಶ ರೇಖಾಂಶ ಎಲ್ಲವೂ ಇದ್ದವು. ವಿವರಣೆ ಎಂಬ ಕಡೆ ಏರಿಸಿದವರು ಇಂಗ್ಲಿಷಿನಲ್ಲಿ ಬರೆದದ್ದು ಒಂದೇ ಪದ: ಟೆಂಪಲ್.

ಹಿರಿಯರು: ಇದೇ! ಇದೇ ಅಲ್ಲವೇನೋ ನಾನು ಬೆಳಗಿನಿಂದ ಹುಡುಕಿದ್ದು! ಎಲ್ಲಿತ್ತು?

ತರುಣ: ಯಾವ ವರ್ಗಕ್ಕೂ ಸೇರದ ಕಡತಗಳ ರಾಶಿಯಲ್ಲಿ. ಹೆಸರು ಕ್ಯಾಮರಾ ಇಟ್ಟ ಅಂಕಿಗಳೇ. ಈಗೀಗ ಅಂಥ ಹೆಸರುಗಳನ್ನು ಭಂಡಾರ ಒಳಕ್ಕೆ ಬಿಡುವುದಿಲ್ಲ, ಇದು ಹಳೆಯದು. ಅಕ್ಷಾಂಶ ನೋಡಿ ಸೋಮನಾಥಪುರವೆಂದು ತಿಳಿದೆ, ಅಲ್ಲಿಯ ಶಿಲ್ಪಗಳ ವರ್ಗಕ್ಕೆ ನಿನ್ನೆ ರಾತ್ರಿ ಸೇರಿಸಿದೆ. ಈಗ ತಾವೇ ಹೇಳಿ, ತಮ್ಮ ಐದು ಮುಖಗಳ ಪದ್ಧತಿಯಲ್ಲಿ ಮಲ್ಲಿತಮ್ಮನನ್ನು ಎಲ್ಲಿ ಬರೆಯುತ್ತೀರಿ?

ಹಿರಿಯರು: ಕರ್ತೃ ಎಂಬ ಕಡೆ.

ತರುಣ: ಈ ಕಡತದ ಕರ್ತೃ ಛಾಯಾಗ್ರಾಹಕ. ಅವನ ಹೆಸರನ್ನು ಹೇಳಲೇಬೇಕು, ಪರವಾನಗಿಯ ಷರತ್ತೇ ಅದು. ಮಲ್ಲಿತಮ್ಮ ಚಿತ್ರದ ಕರ್ತೃವಲ್ಲ, ಚಿತ್ರದೊಳಗಿನ ಮೂರ್ತಿಯ ಕರ್ತೃ. ಅದನ್ನು ಸರಿಯಾಗಿ ಹೇಳಬೇಕಾದರೆ ಮೊದಲು ಆ ಒಂದು ಮೂರ್ತಿಗೆ ವಿಕಿಡೇಟಾದಲ್ಲಿ ಪ್ರತ್ಯೇಕ ಸಂಖ್ಯೆ ಹುಟ್ಟಬೇಕು, ಅದರ ಶಿಲ್ಪಿ ಇಂಥವನೆಂದು ಅಲ್ಲಿ ಬರೆಯಬೇಕು, ಆಮೇಲೆ ಈ ಚಿತ್ರದಲ್ಲಿರುವುದು ಅದೇ ಮೂರ್ತಿ ಎಂದು ಇಲ್ಲಿ ಬರೆಯಬೇಕು. ಆ ಗುಡಿಯ ಗೋಡೆಗಳಲ್ಲಿ ಮೂರ್ತಿಗಳು ಎಷ್ಟಿವೆಯೆಂದು ತಾವು ಬಲ್ಲಿರಿ. ನನ್ನ ದಾರಿಯಲ್ಲಾದರೆ ಮಲ್ಲಿತಮ್ಮನ ಕೃತಿಗಳು ಎಂದು ಒಂದು ವರ್ಗ ತೆರೆದು ಈ ಚಿತ್ರವನ್ನು ಅದರೊಳಕ್ಕೆ ಹಾಕಲು ಅರ್ಧ ನಿಮಿಷ ಸಾಕು.

ಹಿರಿಯರು: ಅರ್ಧ ನಿಮಿಷದಲ್ಲಿ ನಿನ್ನ ಕೆಲಸ ಮುಗಿಯಿತು. ನನ್ನ ದಾರಿಯಲ್ಲಿ ಮೂರ್ತಿಗೊಂದು ಅಸ್ತಿತ್ವ ಬರುತ್ತದೆ. ನಾಳೆ ಅದೇ ಮೂರ್ತಿಯ ಇನ್ನೊಂದು ಚಿತ್ರ ಬಂದಾಗ ಕೆಲಸ ಮತ್ತೆ ಮೊದಲಿನಿಂದ ತೊಡಗಬೇಕಾಗಿಲ್ಲ. 2023ರಲ್ಲಿ ಬೇಲೂರು ಹಳೇಬೀಡುಗಳ ಜೊತೆಗೆ ಸೋಮನಾಥಪುರವೂ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಚಿತ್ರಗಳು ಇನ್ನು ಮೇಲೆ ಹೆಚ್ಚುವುವೇ ಹೊರತು ತಗ್ಗಲಾರವು. ಒಂದು ಸಲದ ಕಷ್ಟವನ್ನು ಒಂದು ಸಲ ಪಟ್ಟುಬಿಡುವುದು ಲೇಸು.

ತರುಣ: ಪಡುವವರು ಯಾರು ಸರ್? ಅದೇ ನನ್ನ ಪ್ರಶ್ನೆ. ಸಂಬಳದ ಗ್ರಂಥಪಾಲಕರಿಗೆ ಗುರುಗಳು ಪದ್ಧತಿಯನ್ನು ಮಾಡಿಕೊಟ್ಟರು. ಇಲ್ಲಿ ಸಂಜೆಯ ಹೊತ್ತು ಪುರುಸೊತ್ತು ಸಿಕ್ಕವರು, ಸಿಕ್ಕಷ್ಟು.

ಹಿರಿಯರು: ಏರಿಸುವವನನ್ನೇ ಕೇಳಬೇಕು. ಗೋಡೆಯ ಮುಂದೆ ನಿಂತು ಇಷ್ಟು ಹತ್ತಿರದಿಂದ ಇಷ್ಟು ಚೆನ್ನಾಗಿ ಚಿತ್ರ ತೆಗೆದ ಮಹಾಶಯನಿಗೆ ತಾನು ಏನನ್ನು ತೆಗೆಯುತ್ತಿದ್ದೇನೆಂದು ತಿಳಿದೇ ಇತ್ತು, ಇಲ್ಲದಿದ್ದರೆ ಮೂರ್ತಿಯ ತಲೆಯನ್ನು ಬಿಟ್ಟು ಪೀಠಕ್ಕೆ ಏಕೆ ಬಾಗುತ್ತಿದ್ದ? ಏರಿಸುವ ಪುಟದಲ್ಲಿ ಒಂದೇ ಪ್ರಶ್ನೆ ಕಡ್ಡಾಯವಾಗಿರಲಿ: ಇದರಲ್ಲಿ ನೀನು ತೋರಿಸಹೊರಟದ್ದೇನು? ಕನ್ನಡದಲ್ಲಿ ಕೇಳಲಿ, ಕನ್ನಡದಲ್ಲಿ ಉತ್ತರಿಸಲಿ. ಉತ್ತರ ಕೊಡದೆ ಒಳಗೆ ಬಿಡಕೂಡದು.

ತರುಣ: ಸ್ಮಾರಕಗಳ ಛಾಯಾಚಿತ್ರ ಸ್ಪರ್ಧೆ ನಡೆಯುವಾಗ ಬನ್ನಿ, ತೋರಿಸುತ್ತೇನೆ. ಒಬ್ಬೊಬ್ಬರು ಐವತ್ತು ಅರವತ್ತು ಚಿತ್ರಗಳನ್ನು ಒಟ್ಟಿಗೆ ಏರಿಸುತ್ತಾರೆ, ಬಹುಮಟ್ಟಿಗೆ ಫೋನಿನಿಂದ. ಒಂದು ಪ್ರಶ್ನೆ ಹೆಚ್ಚಾದರೆ ಅರ್ಧ ಜನ ಅಲ್ಲಿಯೇ ಕೈಬಿಡುತ್ತಾರೆ. ಉಳಿದವರು ಏನು ಮಾಡುತ್ತಾರೆ ಗೊತ್ತೆ? ಅರವತ್ತಕ್ಕೂ ದೇವಸ್ಥಾನ ಎಂದು ಬರೆದು ಮುಂದಕ್ಕೆ ಹೋಗುತ್ತಾರೆ.

ಹಿರಿಯರು: ದೇವಸ್ಥಾನವೆಂದಾದರೂ ತಿಳಿಯಿತಲ್ಲ.

ತರುಣ: ಈ ಚಿತ್ರದ ಮೇಲೂ ಅದೇ ಬರೆದಿತ್ತು.

ಹಿರಿಯರು ಇದಕ್ಕೆ ಒಡನೆ ಉತ್ತರ ಕೊಡಲಿಲ್ಲ. ಲ್ಯಾಪ್‌ಟಾಪನ್ನು ತಮ್ಮ ಕಡೆಗೆ ಎಳೆದುಕೊಂಡು ಪೀಠದ ಅಕ್ಷರಗಳನ್ನು ದೊಡ್ಡದು ಮಾಡಿ ನೋಡಿದರು.

ಹಿರಿಯರು: ಆಗಲಿ, ಕಡ್ಡಾಯ ಬೇಡ. ಆದರೆ ಬಿಡಿಚಿತ್ರ ಏರಿಸುವವನನ್ನು ಕೇಳಬಹುದು, ಅರವತ್ತು ಏರಿಸುವವನನ್ನು ಬಿಟ್ಟುಬಿಡಬಹುದು. ಒಂದನ್ನೇ ಆರಿಸಿ ತಂದವನಿಗೆ ಹೇಳಲು ಏನೋ ಇರುತ್ತದೆ.

ತರುಣ: ಅದನ್ನು ಯಾರೂ ಸೂಚಿಸಿದ್ದನ್ನು ನಾನು ಕೇಳಿಲ್ಲ. ಆದರೂ ಅರವತ್ತು ಏರಿಸುವವರಿಂದಲೇ ನಮ್ಮ ರಾಶಿ ಬೆಳೆಯುವುದು.

ಹಿರಿಯರು: ಬೆಳೆಯಲಿ. ಈಗ ಈ ಅಡಿಬರಹ ಎಂಬುದನ್ನು ಎಲ್ಲಿ ಬರೆಯಬೇಕು, ತೋರಿಸು. ಎಷ್ಟು ಅಕ್ಷರಕ್ಕೆ ಎಡೆಯಿದೆ?

ತರುಣ: ಇನ್ನೂರ ಐವತ್ತೈದು. ಬರೆಯುವ ಮೊದಲು ಒಂದು ಮಾತು: ಇದು ಮಲ್ಲಿತಮ್ಮನದೇ ಎಂದು ತಮಗೆ ಖಂಡಿತವೆ? ನನಗೆ ಮೊದಲಿನ ಎರಡು ಅಕ್ಷರಗಳು ಮಾತ್ರ ಸ್ಪಷ್ಟವಾಗಿ ಕಾಣುತ್ತಿವೆ.

ಹಿರಿಯರು: ಮ ಮತ್ತು ಲ್ಲಿ. ಮೂರನೆಯದು ತ ಎಂದು ನನ್ನ ಕಣ್ಣು ಹೇಳುತ್ತದೆ; ಅಲ್ಲಿಗೆ ಕಲ್ಲು ಸವೆದಿದೆ. ಶಾಸನಸಂಗ್ರಹವಾದ ಎಪಿಗ್ರಾಫಿಯ ಕರ್ನಾಟಿಕದ ಮೈಸೂರು ಜಿಲ್ಲೆಯ ಸಂಪುಟ ಒಳಕೋಣೆಯಲ್ಲಿದೆ, ನೋಡಿ ಬರೆಯೋಣ.

ತರುಣ: ಅಲ್ಲಿಯವರೆಗೆ ವರ್ಗದಲ್ಲಿಯೇ ಇರಲಿ. ಸೋಮನಾಥಪುರದ ಶಿಲ್ಪ ಎನ್ನುವುದರಲ್ಲಿ ಯಾರಿಗೂ ಸಂದೇಹವಿಲ್ಲ.

ಹಿರಿಯರು: ಸಂದೇಹವಿಲ್ಲದ್ದನ್ನಷ್ಟೇ ಬರೆಯುವುದಾದರೆ ನನ್ನ ಮೊಮ್ಮಗಳು ನಾಳೆಯೂ ಬರಿಗೈಯಲ್ಲಿ ಹೋಗಬೇಕು. ಮಲ್ಲಿತಮ್ಮನದಿರಬಹುದಾದ ರುಜು ಎಂದು ಬರೆದರೆ ನಿನ್ನ ನಿಯಮ ಒಪ್ಪುತ್ತದೆಯೋ?

ತರುಣ: ಅಡಿಬರಹ ಒಪ್ಪುತ್ತದೆ. ತಮ್ಮ ಸಂಖ್ಯೆಯ ಪದ್ಧತಿಯಲ್ಲಿ ಇರಬಹುದು ಎಂದು ಹೇಳಲು ಪಡಬೇಕಾದ ಪಾಡನ್ನು ಕೇಳಬೇಡಿ.

ಹಿರಿಯರು: ಅದನ್ನು ನಾಳೆ ಕೇಳುತ್ತೇನೆ. ಕೀಲಿಮಣೆಯಲ್ಲಿ ಒತ್ತಕ್ಷರ ಹೇಗೆ ಬರಿಸುವುದು, ಅದನ್ನು ಮೊದಲು ಹೇಳು.